ಸಂಶೋಧಕರ ಸೈಟೇಶನ್ ಲೆಕ್ಕ ಓದುವುದು ಹೇಗೆ?

ಒಂದು ಪ್ರಬಂಧವನ್ನು ಇನ್ನೊಂದು ಪ್ರಬಂಧ ಆಕರವಾಗಿ ಹೆಸರಿಸಿದರೆ ಅದು ಒಂದು ಸೈಟೇಶನ್. ಆ ಲೆಕ್ಕದಿಂದ ಬರುವ ಒಂದು ಅಂಕಿ ಎಚ್-ಇಂಡೆಕ್ಸ್, ಎಣಿಸುವ ಬಗೆ ಮುಂದಿದೆ. ಒಬ್ಬ ಗಣಿತಜ್ಞರ ಎಚ್-ಇಂಡೆಕ್ಸ್ 12, ಒಬ್ಬ ವೈದ್ಯಕೀಯ ಸಂಶೋಧಕರದು 40. ಯಾರ ಕೆಲಸ ದೊಡ್ಡದು? ಇಷ್ಟರಿಂದಲೇ ಹೇಳಲು ಬರುವುದಿಲ್ಲ. ಆದರೂ ನೇಮಕಾತಿ, ಬಡ್ತಿ, ಅನುದಾನ ಎಂದರೆ ಎಲ್ಲರೂ ಈ ಅಂಕಿಯನ್ನೇ ಮೊದಲು ನೋಡುತ್ತಾರೆ. ನೋಡಲಿ, ಆದರೆ ಕ್ರಮವಾಗಿ ನೋಡಲಿ.

1. ಪಟ್ಟಿ ಅವರದೇನಾ?

ಒಂದೇ ಹೆಸರಿನ ಇಬ್ಬರು ಮೂವರ ಪ್ರಬಂಧಗಳು ಒಂದೇ ಪುಟದಲ್ಲಿ ಸೇರಿಕೊಳ್ಳುವುದು ಮಾಮೂಲು. ಪ್ರಬಂಧ ಹುಡುಕುವ ತಾಣ ಗೂಗಲ್ ಸ್ಕಾಲರ್ ತಾನಾಗಿಯೇ ಪ್ರಬಂಧಗಳನ್ನು ಸೇರಿಸುವುದರಿಂದ ಅಲ್ಲಿ ಇದು ಜಾಸ್ತಿ. ಈ ಗೊಂದಲ ತಪ್ಪಿಸಲೆಂದೇ 2012ರಲ್ಲಿ ಆರ್ಕಿಡ್ ಎಂಬ 16 ಅಂಕಿಗಳ ಗುರುತು ಸಂಖ್ಯೆ ಶುರುವಾಯಿತು. ಅದಿದ್ದರೆ ಅಲ್ಲಿಂದ ಹೊರಡಿ. ಇಲ್ಲದಿದ್ದರೆ ವಿಷಯ, ಸಂಸ್ಥೆ, ಸಹಲೇಖಕರು ಹೊಂದುತ್ತಾರಾ ನೋಡಿ. ಮಣ್ಣಿನ ವಿಜ್ಞಾನಿಯ ಪಟ್ಟಿಯಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಕಂಡರೆ ಅನುಮಾನ ಪಡಿ.

2. ಅಂಕಿ ಎಲ್ಲಿಂದ ಬಂತು?

ಗೂಗಲ್ ಸ್ಕಾಲರ್ ಥೀಸಿಸ್, ಪುಸ್ತಕ, ಪ್ರಿಪ್ರಿಂಟ್ (ಸಂಶೋಧನಾ ಪತ್ರಿಕೆಯಲ್ಲಿ ಬರುವ ಮೊದಲೇ ಹಂಚಿದ ಪ್ರಬಂಧ) ಎಲ್ಲವನ್ನೂ ಎಣಿಸುತ್ತದೆ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಎಂಬ ಸೈಟೇಶನ್ ದತ್ತಸಂಗ್ರಹಗಳು ತಾವು ಆರಿಸಿದ ಪತ್ರಿಕೆ, ಪುಸ್ತಕ, ಸಮ್ಮೇಳನಗಳನ್ನು ಮುಖ್ಯವಾಗಿ ನೋಡುತ್ತವೆ. ಹಾಗಾಗಿ ಒಬ್ಬರಿಗೇ ಮೂರು ಬೇರೆ ಬೇರೆ ಅಂಕಿ ಬರುತ್ತದೆ, ಸಾಮಾನ್ಯವಾಗಿ ಸ್ಕಾಲರ್‌ನದೇ ದೊಡ್ಡದು. ಇಬ್ಬರನ್ನು ಹೋಲಿಸುವಾಗ ಮೂಲ ಒಂದೇ ಇರಬೇಕು. ಗಣಿತಜ್ಞ ಗ್ರಿಗರಿ ಪೆರೆಲ್ಮನ್ ಪ್ವಾಂಕರೆ ಊಹೆ ಎಂಬ ಗಣಿತದ ಸಮಸ್ಯೆಯ ಪುರಾವೆಯನ್ನು 2002 ಮತ್ತು 2003ರಲ್ಲಿ ಆರ್ಕೈವ್ ಎಂಬ ಪ್ರಿಪ್ರಿಂಟ್ ತಾಣದಲ್ಲಿ ಹಾಕಿ ಸುಮ್ಮನಾದರು, ಪತ್ರಿಕೆಗೆ ಕಳಿಸಲೇ ಇಲ್ಲ. ಪತ್ರಿಕೆಗಳನ್ನಷ್ಟೇ ಎಣಿಸುವ ಪಟ್ಟಿಗೆ ಅಂಥ ಕೆಲಸ ಸಿಗುವುದೇ ಇಲ್ಲ.

3. ಎಚ್-ಇಂಡೆಕ್ಸ್ ನೀವೇ ಒಮ್ಮೆ ಎಣಿಸಿ

2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಸೂಚಿಸಿದ ಅಳತೆ ಇದು. ಪ್ರಬಂಧಗಳನ್ನು ಸೈಟೇಶನ್ ಇಳಿಯುವ ಕ್ರಮದಲ್ಲಿ ಬರೆಯಿರಿ: 50, 20, 9, 6, 5, 3. ಐದನೆಯದಕ್ಕೆ 5 ಇದೆ, ಆರನೆಯದಕ್ಕೆ 6 ಇಲ್ಲ. ಅಂದರೆ ಕನಿಷ್ಠ 5 ಸೈಟೇಶನ್ ಇರುವ ಪ್ರಬಂಧಗಳು 5. ಎಚ್-ಇಂಡೆಕ್ಸ್ 5. ಈಗ ಮೊದಲನೆಯದಕ್ಕೆ 50ರ ಬದಲು 5,000 ಇದೆ ಎಂದುಕೊಳ್ಳಿ. ಎಚ್-ಇಂಡೆಕ್ಸ್ ಆಗಲೂ 5! ಹೊಸದೇನೂ ಬರೆಯದಿದ್ದರೂ ವಯಸ್ಸಾದಂತೆ ಇದು ಏರಬಹುದು. ಆದ್ದರಿಂದ ಮೊದಲ ಪ್ರಬಂಧದ ವರ್ಷವನ್ನು ಪಕ್ಕದಲ್ಲೇ ಬರೆದುಕೊಳ್ಳಿ.

4. ಕ್ಷೇತ್ರ ಯಾವುದು?

ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಕ್ಷೇತ್ರದಲ್ಲಿ ಸೈಟೇಶನ್ ಎಷ್ಟು ಸಿಗುತ್ತದೆ ಎಂಬುದು ಅಲ್ಲಿ ಎಷ್ಟು ಜನ ಬರೆಯುತ್ತಾರೆ, ಪ್ರಬಂಧದ ಕೊನೆಯ ಆಕರಗಳ ಪಟ್ಟಿ ಎಷ್ಟು ಉದ್ದ ಎಂಬುದರ ಮೇಲೆ ನಿಂತಿದೆ. ಜೀವವಿಜ್ಞಾನದಲ್ಲಿ ಪಟ್ಟಿ ಉದ್ದ, ಸೈಟೇಶನ್ ಬೇಗ ಬರುತ್ತದೆ. ಗಣಿತದಲ್ಲಿ ಪಟ್ಟಿ ಚಿಕ್ಕದು, ಒಂದು ಪ್ರಮೇಯದ ಬೆಲೆ ತಿಳಿಯಲು ಹತ್ತು ವರ್ಷ ಹಿಡಿಯಬಹುದು. ಕಂಪ್ಯೂಟರ್ ವಿಜ್ಞಾನದಲ್ಲಿ ಒಳ್ಳೆಯ ಕೆಲಸ ಸಮ್ಮೇಳನಗಳಲ್ಲೇ ಬರುತ್ತದೆ. ಇತಿಹಾಸಕಾರರು ಪುಸ್ತಕ ಬರೆಯುತ್ತಾರೆ.

ಲೇಖಕರ ಸಂಖ್ಯೆಯನ್ನೂ ನೋಡಿ. ಹಿಗ್ಸ್ ಕಣದ ದ್ರವ್ಯರಾಶಿ ಕುರಿತ 2015ರ ಪ್ರಬಂಧಕ್ಕೆ 5,000ಕ್ಕೂ ಹೆಚ್ಚು ಲೇಖಕರು. ಅದರ ಸೈಟೇಶನ್ ಅಷ್ಟೂ ಜನರ ಖಾತೆಗೆ ಪೂರ್ತಿ ಜಮೆಯಾಗುತ್ತದೆ! ಹೆಸರಿನ ಕ್ರಮವೂ ಒಂದೇ ಅರ್ಥ ಕೊಡುವುದಿಲ್ಲ. ಜೀವವಿಜ್ಞಾನದಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಪ್ರಯೋಗ ಮಾಡಿದವರದು, ಕೊನೆಯದು ಲ್ಯಾಬ್ ಮುಖ್ಯಸ್ಥರದು. ಗಣಿತದಲ್ಲಿ ಬರೇ ಅಕ್ಷರಮಾಲೆಯ ಕ್ರಮ.

ಈ ವ್ಯತ್ಯಾಸ ಸರಿದೂಗಿಸಲು ಸ್ಕೋಪಸ್‌ನಲ್ಲಿ ಫೀಲ್ಡ್-ವೇಟೆಡ್ ಸೈಟೇಶನ್ ಇಂಪ್ಯಾಕ್ಟ್ ಎಂಬ ಅಂಕಿ ಇದೆ. ಅದೇ ಕ್ಷೇತ್ರ, ಅದೇ ವರ್ಷ, ಅದೇ ಬಗೆಯ ಪ್ರಬಂಧಗಳ ಜಾಗತಿಕ ಸರಾಸರಿಯನ್ನು 1 ಎಂದಿಟ್ಟುಕೊಳ್ಳುತ್ತಾರೆ. 1.5 ಎಂದರೆ ಸರಾಸರಿಗಿಂತ ಶೇ 50 ಜಾಸ್ತಿ. ಪ್ರಬಂಧಗಳು ಕಡಿಮೆ ಇದ್ದಾಗ ಇದನ್ನು ನಂಬಬೇಡಿ, ಒಂದೇ ಒಂದು ಪ್ರಬಂಧ ಸರಾಸರಿಯನ್ನು ಎಲ್ಲಿಗೋ ಎತ್ತಿಬಿಡುತ್ತದೆ.

5. ಹೆಚ್ಚು ಸೈಟೇಶನ್ ಇರುವ ಐದು ಪ್ರಬಂಧ ತೆರೆಯಿರಿ

ಬೇಸರದ ಕೆಲಸ, ಆದರೆ ತಪ್ಪಿಸುವ ಹಾಗಿಲ್ಲ. ಅದು ಸಮೀಕ್ಷಾ ಲೇಖನವೇ, ಹೊಸ ಶೋಧವೇ, ಪ್ರಯೋಗದ ವಿಧಾನವೇ? ಪ್ರೋಟೀನ್ ಅಳೆಯುವ ವಿಧಾನ ಹೇಳಿದ ಆಲಿವರ್ ಲೌರಿ ತಂಡದ 1951ರ ಪ್ರಬಂಧಕ್ಕೆ 3 ಲಕ್ಷಕ್ಕೂ ಜಾಸ್ತಿ ಸೈಟೇಶನ್ ಬಂದಿದೆ. ಅದೇನೂ ಮಹಾನ್ ಪ್ರಬಂಧವಲ್ಲ ಎಂದು ಲೌರಿ ಅವರೇ ಬರೆದಿದ್ದರು. ಲ್ಯಾಬ್‌ಗಳಲ್ಲಿ ದಿನಾ ಬಳಕೆಯಾಗುತ್ತಿತ್ತು, ಹಾಗಾಗಿ ಎಲ್ಲರೂ ಹೆಸರಿಸಿದರು.

ತಪ್ಪು ಎಂದು ತೋರಿಸಲು ಹೆಸರಿಸಿದರೂ ಅದು ಸೈಟೇಶನ್ನೇ ಅಲ್ವಾ? ಸ್ವಂತ ಪ್ರಬಂಧಗಳನ್ನೇ ಹೆಸರಿಸಿಕೊಂಡಿದ್ದು ಎಷ್ಟು ಎಂದು ಸ್ಕೋಪಸ್‌ನಲ್ಲಿ ಬೇರ್ಪಡಿಸಿ ನೋಡಬಹುದು. ಸ್ವಲ್ಪ ಇದ್ದೇ ಇರುತ್ತದೆ, ಅರ್ಧ ಅದೇ ಆದರೆ ಕೇಳಬೇಕಾಗುತ್ತದೆ. ವಾಪಸ್ ಪಡೆದ ಪ್ರಬಂಧಗಳಿವೆಯೇ ಎಂದು ರಿಟ್ರಾಕ್ಷನ್ ವಾಚ್ ಪಟ್ಟಿಯಲ್ಲಿ ಹುಡುಕಿ.

ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ವ್ಯಕ್ತಿಗೆ ಅಂಕ ಕೊಡಬೇಡಿ. ಅದು ಪತ್ರಿಕೆಯ ಪ್ರಬಂಧಗಳಿಗೆ ಸಿಗುವ ಸೈಟೇಶನ್‌ಗಳ ಸರಾಸರಿ, ಸಂಶೋಧನೆಯ ಮೌಲ್ಯಮಾಪನ ಕುರಿತ 2013ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳಿದ್ದೂ ಇದನ್ನೇ.

ವರದಿ ಬರೆಯುವಾಗ ಎಚ್-ಇಂಡೆಕ್ಸ್ ಜೊತೆ ಮೂಲ, ನೋಡಿದ ದಿನಾಂಕ, ಕ್ಷೇತ್ರ, ಮೊದಲ ಪ್ರಬಂಧದ ವರ್ಷ ಇಷ್ಟನ್ನೂ ಒಂದೇ ಸಾಲಿನಲ್ಲಿ ಹಾಕಿ. ಅದರ ಕೆಳಗೆ ನೀವು ಓದಿದ ಪ್ರಬಂಧಗಳ ಬಗ್ಗೆ ತಲಾ ಎರಡು ವಾಕ್ಯ ಬರೆಯಿರಿ.