ಹಿಟ್ಟು ಬೇಡ, ಕಾಳು ಕೊಡಿ: ನಮ್ಮ ಸಭೆ ಮತ್ತೆ ಕೂಡಿದ್ದು ಹೀಗೆ

2019ರ ಆಗಸ್ಟಿನಲ್ಲಿ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಾಗ ಮಲಪ್ರಭೆ ದಂಡೆಯ ಊರುಗಳ ಗತಿ ಏನಾಯಿತು ಅಂತ ಬಾದಾಮಿ, ಹುನಗುಂದ ಕಡೆಯವರಿಗೆ ಹೇಳಬೇಕಾಗಿಲ್ಲ. ನಮ್ಮ ಕ್ರೈಸ್ತ ಸಭೆಯ ದೇವಾಲಯದ ಮಣ್ಣಿನ ಗೋಡೆಗಳು ಬಿರುಕು ಬಿಟ್ಟವು. ಹೊಳೆಗಿಂತ ಜಾಸ್ತಿ ನಮ್ಮನ್ನು ಕುಗ್ಗಿಸಿದ್ದು ಆಮೇಲೆ ಬಂದ ಒಂದು ಮಾತು. ಹೊಸ ಕಟ್ಟಡಕ್ಕೆ ಹನ್ನೆರಡು ಲಕ್ಷ ಕೊಡುತ್ತೇವೆ ಅಂತ ಒಂದು ಸಂಸ್ಥೆಯವರು ಹೇಳಿದರು. ಅದನ್ನು ನಂಬಿ ಹಳೇ ಗೋಡೆ ಕೆಡವಿದೆವು. ಎರಡು ವರ್ಷ ಕಾಯಿಸಿ, ಆಗೋದಿಲ್ಲ ಅಂದರು. ಹೆಸರು ಬೇಡ ಬಿಡಿ.

ನಮ್ಮದು ಅರವತ್ತರ ಹತ್ತಿರ ಮನೆಗಳಿರುವ ಸಭೆ. ರವಿವಾರ ಆರಾಧನೆಗೆ ಹತ್ತು-ಹನ್ನೆರಡು ಜನ ಉಳಿದರು. ಖಜಾಂಚಿ ನಾನು. ಕಾಣಿಕೆ ಚೀಲದಲ್ಲಿ ಇನ್ನೂರು ರೂಪಾಯಿ ಬಿದ್ದರೆ ಹೆಚ್ಚು. ಎಲ್ಲರ ಸಲಹೆ ಮೇಲೆ ಉಜ್ಜೀವನ ಕೂಟ, ಅಂದರೆ ಭಕ್ತಿ ಮತ್ತೆ ಚಿಗುರಿಸುವ ದೊಡ್ಡ ಪ್ರಾರ್ಥನಾ ಕೂಟ, ಮಾಡಿಸಿದೆವು. ಶಾಮಿಯಾನ, ಮೈಕು, ಹೊರಗಿನ ಪ್ರಸಂಗಿಗಳು, ಊಟ, ಎಲ್ಲ ಸೇರಿ ಹದಿನೆಂಟು ಸಾವಿರ. ಕೂಟದ ರಾತ್ರಿಗಳಲ್ಲಿ ಜನವೋ ಜನ. ಮುಂದಿನ ರವಿವಾರ ಮತ್ತೆ ಅದೇ ಹತ್ತು-ಹನ್ನೆರಡು.

ಆಗ ಸಮಿತಿಯಲ್ಲಿ ನಾನು ಹೇಳಿದ್ದು ಇಷ್ಟೇ. ಕೆಲವು ತಿಂಗಳು ಕಟ್ಟಡದ ಮಾತು ಎತ್ತಬಾರದು. ಬುಧವಾರ ರಾತ್ರಿ ಒಂದೊಂದು ಓಣಿಯಲ್ಲಿ ಒಂದೊಂದು ಮನೆಯಲ್ಲಿ ಅರ್ಧ ತಾಸು ಕೂಡೋಣ. ಪ್ರಸಂಗ ಬೇಡ. ಮನಸ್ಸಿನಲ್ಲಿದ್ದ ಸಿಟ್ಟು, ದುಃಖ ದೇವರ ಮುಂದೆ ಹೇಳಿಕೊಳ್ಳೋಣ. ಯಾರೂ ಒಪ್ಪಲಿಲ್ಲ. ಸ್ತ್ರೀಯರ ಕೂಟದ ಹಿರಿಯ ಅಮ್ಮ ಒಬ್ಬರು, "ತಮ್ಮಾ, ಬರೇ ಅತ್ತರ ಗ್ವಾಡಿ ಏಳ್ತಾವೇನು?" ಅಂದರು.

ಆದರೂ ಶುರು ಮಾಡಿದೆವು. ವಾರಗಟ್ಟಲೆ ಬೈಬಲಿನ 13ನೇ ಕೀರ್ತನೆ ಓದಿದೆವು. ಎಲ್ಲಿಯವರೆಗೆ ನನ್ನನ್ನು ಮರೆಯುತ್ತೀ ಅಂತ ದಾವೀದನೇ ದೇವರನ್ನು ಮತ್ತೆ ಮತ್ತೆ ಕೇಳಿದ್ದಾನಲ್ಲ, ನಾವು ಕೇಳಿದರೆ ತಪ್ಪೇನು? ಆಮೇಲೆ ಹಬಕ್ಕೂಕ ಪ್ರವಾದಿಯ ಪುಸ್ತಕದ ಮೂರನೇ ಅಧ್ಯಾಯ. ಹೊಲ ಬೆಳೆ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ದೇವರಲ್ಲಿ ಸಂತೋಷಪಡುತ್ತೇನೆ ಅನ್ನುವ ಆ ಮಾತು ಉಳ್ಳಾಗಡ್ಡಿ ರೇಟು ಬಿದ್ದು ಸಾಲ ಮಾಡಿದವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಒಂದು ಬುಧವಾರ ಒಬ್ಬ ಅಜ್ಜ ಹಳೇದನ್ನು ನೆನೆಸಿದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಮಿಶನರಿಗಳು ಗುಳೇದಗುಡ್ಡಕ್ಕೆ ಬಂದದ್ದು 1851ರಲ್ಲಿ. 1876–78ರ ಬರ ಆಗಿನ ಕಲಾದಗಿ ಜಿಲ್ಲೆಯನ್ನು ಹಿಂಡಿ ಹಾಕಿತು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಅವರಲ್ಲಿದ್ದ ಜರ್ಮನ್ ಮಿಶನರಿಗಳನ್ನು ಹಿಡಿದು ಶಿಬಿರಗಳಲ್ಲಿ ಇಟ್ಟರು. ಆದರೂ ಈ ಕಡೆಯ ಸಭೆಗಳು ಉಳಿದವು. "ಅವ್ರಿಗೇನು ಹನ್ನೆರಡು ಲಕ್ಷ ಬಂದಿತ್ತೇನು?" ಅಂತ ಅಜ್ಜ ಕೇಳಿದಾಗ ಮನೆಯೆಲ್ಲ ಸುಮ್ಮನಾಯಿತು.

ಓಣಿ ಕೂಟ ನಿಂತೇ ಹೋಗುವ ಹಾಗಾದದ್ದು ತಿಂಡಿಯಿಂದ. ಮೊದಲು ಬರೀ ಚಹಾ ಇತ್ತು. ಆಮೇಲೆ ಒಬ್ಬರು ಚುರುಮುರಿ-ಮಿರ್ಚಿ ಕೊಟ್ಟರು, ಇನ್ನೊಬ್ಬರು ಉಪ್ಪಿಟ್ಟು-ಶಿರಾ ಮಾಡಿದರು. ಕೂಲಿ ಮಾಡುವ ಮನೆಯವರು, ವಿಧವೆಯರು ತಮ್ಮ ಸರದಿ ತಪ್ಪಿಸತೊಡಗಿದರು. ತಕ್ಷಣ ಕಟ್ಟುನಿಟ್ಟು ಮಾಡಿದೆ: ನೀರು ಬಿಟ್ಟು ಬೇರೇನೂ ಕೊಡಬಾರದು. ನೀವು ಶುರು ಮಾಡುವುದಾದರೆ ಮೊದಲ ದಿನದಿಂದಲೇ ಈ ನಿಯಮ ಇಡಿ.

ಜನ ಕೂಡತೊಡಗಿದ ಮೇಲೆ ಸಭೆಗಾಗಿ ಹಿಡಿ ಹಿಟ್ಟು ಎತ್ತಿಡುವ ಪದ್ಧತಿ ತಂದೆವು. ರೊಟ್ಟಿ ಬಡಿಯುವಾಗ ಒಂದು ಹಿಡಿ. ಮಳೆಗಾಲದಲ್ಲಿ ಹಿಟ್ಟಿಗೆ ಹುಳ ಬಿತ್ತು, ಯಾರೂ ಕೊಳ್ಳಲಿಲ್ಲ. ಹಾಗಾಗಿ ಕಾಳಿಗೆ ಬಂದೆವು. ವಾರವಾರ ಗಿರಣಿಗೆ ಹೋಗುವ ಮುಂಚೆ ಒಂದು ಬಟ್ಟಲು ಜೋಳ, ಅರ್ಧ ಕಿಲೋ ಇರಬಹುದು. ನಲವತ್ತು ಮನೆಯಿಂದ ತಿಂಗಳಿಗೆ ಎಂಬತ್ತು ಕಿಲೋ, ಅಂದರೆ ಮೂರು ಸಾವಿರದ ಆಸುಪಾಸು. ಲೆಕ್ಕ ಕರಿಹಲಗೆ ಮೇಲೆ, ಯಾರು ಎಷ್ಟು ಕೊಟ್ಟರು ಅಂತ ಬರೆಯದೆ, ಒಟ್ಟು ಮಾತ್ರ. ಬಡವರ ಕಾಳೂ ಅದರಲ್ಲಿತ್ತು. ಅವರೂ ಮುಖ ಎತ್ತಿಕೊಂಡು ಬರತೊಡಗಿದರು.

ನಡುವೆ ಇನ್ನೊಂದು ಪ್ರಯೋಗ ಆಯಿತು. ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆಯ) ತುಂಡು ತಂದು ಹೆಣ್ಣುಮಕ್ಕಳು ಪರ್ಸು ಹೊಲಿದು ಬನಶಂಕರಿ ಜಾತ್ರೆಯಲ್ಲಿ ಮಾರಿದರು. ಎಲ್ಲಾ ಮಾರಿಹೋದವು. ಅಸ್ತರು, ಚೈನಿನ ದುಡ್ಡು ಕಳೆದರೆ ಉಳಿದದ್ದು ನಾಲ್ಕು ಸಾವಿರ. ಅಷ್ಟು ದುಡಿಮೆಗೆ ಅದು ಕಡಿಮೆಯೇ. ಆದರೆ ಒಬ್ಬ ಹುಡುಗಿಗೆ ಈಗಲೂ ಆರ್ಡರ್ ಬರುತ್ತಿವೆ.

ಸುಗ್ಗಿ ಹಬ್ಬದ ಲಿಲಾವು, ಅಂದರೆ ಕಾಣಿಕೆಯಾಗಿ ಬಂದ ವಸ್ತುಗಳ ಹರಾಜು, ಸಭೆಗಳವರಿಗೆ ಗೊತ್ತು. ನಮ್ಮಲ್ಲಿ ಮುಂಚೆ ಹದಿನೈದು ಸಾವಿರ ದಾಟಿದ್ದಿಲ್ಲ. ಈಗ ಎಪ್ಪತ್ತು ಸಾವಿರದ ಹತ್ತಿರ ಬಂದಿದೆ, ಒಂದು ತೆಂಗಿನಕಾಯಿ ಮೂರು ಸಾವಿರಕ್ಕೆ ಹೋಗಿದೆ. ಯಾವ ವಸ್ತು ಯಾವಾಗ ಹೊರಗೆ ತರಬೇಕು, ಮೊದಲ ಕೂಗು ಯಾರು ಕೂಗಬೇಕು, ಅದೆಲ್ಲ ಇಲ್ಲಿ ಬರೆಯುವುದಿಲ್ಲ. ನಮ್ಮ ಹಬ್ಬಕ್ಕೆ ಬಂದು ನೋಡಿ.

ಒಟ್ಟು ಮೂರೂವರೆ ಲಕ್ಷದಲ್ಲಿ ಪತ್ರಾಸಿನ (ತಗಡಿನ) ಚಾವಣಿ, ಇಟ್ಟಿಗೆ ಗೋಡೆ ಆಗಿವೆ. ಗಾರೆ ಕೆಲಸಕ್ಕೆ ಅರ್ಧದಷ್ಟು ಆಳು ನಮ್ಮವರೇ. ಬಾಗಲಕೋಟೆಗೆ ಹೋಗಿ ನೆಲೆಸಿದ ಕೆಲವು ಮನೆಗಳು ವಾಪಸ್ ಬರಲಿಲ್ಲ, ಅವರಿಗಾಗಿ ಬುಧವಾರ ಹೆಸರು ಹಿಡಿದು ಪ್ರಾರ್ಥಿಸುತ್ತೇವೆ. ರವಿವಾರ ಎಂಬತ್ತು-ತೊಂಬತ್ತು ಜನ ಕೂಡುತ್ತಾರೆ. ಗೋಡೆ ಏಳ್ತಾವೇನು ಅಂತ ಕೇಳಿದ ಅಮ್ಮನೇ ಈಗ ಜೋಳದ ಚೀಲಗಳ ಉಸ್ತುವಾರಿ. ನೆಲಕ್ಕೆ ಫರ್ಸಿ ಕಲ್ಲು ಹಾಕಿಸಬೇಕು, ಅರವತ್ತು ಸಾವಿರ ಕೇಳುತ್ತಿದ್ದಾರೆ. ಇನ್ನೆರಡು ಸುಗ್ಗಿಯಲ್ಲಿ ಅದೂ ಆಗುತ್ತದೆ.