ಪಿಕಪ್‌ನ ಸ್ಟೆಬಿಲೈಸರ್ ಬಾರ್ ತೆಗೆಯಬೇಕಾ? ಕಲ್ಲುದಾರಿಗೆ ಇಳಿಯುವ ಮುಂಚೆ ಇದನ್ನು ಓದಿ

ಗಂಗಾವತಿ ಕಡೆ ಪಿಕಪ್ ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಮುಂದಿನ ಸ್ಟೆಬಿಲೈಸರ್ ಬಾರ್ ತೆಗೆದುಬಿಟ್ಟರೆ ಗಾಡಿ ಬಂಡೆ ಮೇಲೆ ಚೆನ್ನಾಗಿ ಹತ್ತುತ್ತದಂತೆ, ಹೌದಾ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಾರ್ ತೆಗೆದು ಮನೆಯಲ್ಲಿಟ್ಟು ಊರೆಲ್ಲ ಓಡಾಡಬೇಡಿ. ತೀರಾ ಕಷ್ಟದ ಕಲ್ಲುದಾರಿ ಇದ್ದರೆ, ಆ ದಾರಿ ಶುರುವಾಗುವ ಜಾಗದಲ್ಲೇ ಬಾರನ್ನು ಚಕ್ರದ ಕಡೆಗೆ ಜೋಡಿಸುವ ಲಿಂಕ್ ಬಿಚ್ಚಿ. ವಾಪಸ್ ಬರುವಾಗ ಡಾಂಬರು ಮುಟ್ಟುವ ಮುಂಚೆ ಹಾಕಿ. ನಮ್ಮ ಭಾಗದಲ್ಲಿ ಅದರ ಅಗತ್ಯ ಬರುವುದು ವರ್ಷಕ್ಕೆ ನಾಲ್ಕೈದು ಸಲ, ಅಷ್ಟೆ.

ಮೊದಲು ಗಾಡಿ ಕೆಳಗೆ ಬಗ್ಗಿ ನೋಡಿ. ಮುಂದಿನ ಎರಡು ಚಕ್ರಗಳ ನಡುವೆ ಹೆಬ್ಬೆರಳಿಗಿಂತ ದಪ್ಪನೆಯ ಒಂದು ಉಕ್ಕಿನ ರಾಡ್ ಅಡ್ಡ ಹೋಗಿರುತ್ತದೆ, ಎರಡೂ ತುದಿ ಬಾಗಿರುತ್ತವೆ. ನಡುವೆ ಎರಡು ಕಡೆ ರಬ್ಬರ್ ಬುಷ್ ಹಾಕಿ ಚಾಸಿಗೆ ಕಟ್ಟಿರುತ್ತಾರೆ. ತುದಿಗಳಿಂದ ಗೇಣುದ್ದದ ಒಂದೊಂದು ಲಿಂಕ್ ರಾಡ್, ಚಕ್ರವನ್ನು ಹಿಡಿದಿರುವ ಕೆಳಗಿನ ತೋಳಿನ (ಲೋವರ್ ಆರ್ಮ್) ಕಡೆ ಹೋಗಿರುತ್ತದೆ. ಕೆಲವು ಗಾಡಿಗಳಲ್ಲಿ ಚಕ್ರ ಕೂರುವ ಸ್ಟೀರಿಂಗ್ ನಕಲ್‌ಗೇ ಕೂತಿರುತ್ತದೆ. ಇದನ್ನೇ ಕೆಲವರು ಸ್ವೇ ಬಾರ್ ಅಂತಾರೆ, ಕೆಲವರು ಆಂಟಿ ರೋಲ್ ಬಾರ್ ಅಂತಾರೆ. ಮೂರೂ ಒಂದೇ.

ಇದರ ಕೆಲಸ ಸರಳ. ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಎದ್ದರೆ ಬಾರ್ ಬುಷ್ ಒಳಗೆ ಸುಮ್ನೆ ತಿರುಗುತ್ತದೆ, ಏನೂ ಮಾಡುವುದಿಲ್ಲ. ಒಂದು ಚಕ್ರ ಮೇಲೆ ಹೋಗಿ ಇನ್ನೊಂದು ಕೆಳಗೆ ಇಳಿದಾಗ ಮಾತ್ರ ಅದು ತಿರುಚಿಕೊಳ್ಳುತ್ತದೆ, ಮತ್ತೆ ನೆಟ್ಟಗಾಗಲು ಒದ್ದಾಡುತ್ತದೆ. ತಿರುವಿನಲ್ಲಿ ಗಾಡಿ ಒಂದು ಬದಿಗೆ ವಾಲದಂತೆ ಹಿಡಿಯುವುದು ಈ ಒದ್ದಾಟವೇ. ಇದರ ಬಲ ದಪ್ಪದ ಮೇಲೆ ನಿಂತಿದೆ, ಅದೂ ದಪ್ಪದ ನಾಲ್ಕನೇ ಘಾತದಷ್ಟು. 27 ಮಿಲಿಮೀಟರ್ ಬಾರ್ ಬದಲು 30 ಮಿಲಿಮೀಟರ್ ಹಾಕಿದರೆ, ನೋಡಲು ಮೂರೇ ಮಿಲಿಮೀಟರ್ ವ್ಯತ್ಯಾಸ, ಆದರೆ ಬಿಗಿ ಸುಮಾರು ಒಂದೂವರೆ ಪಟ್ಟು ಆಗುತ್ತದೆ. ಅಂಥ ಒಂದು ರಾಡನ್ನು ತೆಗೆದರೆ ಗಾಡಿಗೆ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಇದರಿಂದಲೇ ಅಂದಾಜು ಮಾಡಬಹುದು.

ಹಾಗಾದರೆ ಕಲ್ಲಿನಲ್ಲಿ ಅದು ಯಾಕೆ ಅಡ್ಡಿ? ಹೊಲದ ಬದುವನ್ನು ಓರೆಯಾಗಿ ದಾಟಿದ್ದು ನೆನಪಿದೆಯಾ? ಮುಂದಿನ ಎಡ ಚಕ್ರ ಬದುವಿನ ಮೇಲೆ, ಹಿಂದಿನ ಬಲ ಚಕ್ರವೂ ಎತ್ತರದಲ್ಲಿ, ಉಳಿದೆರಡು ತಗ್ಗಿನಲ್ಲಿ. ಬಾರ್ ಮುಂದಿನ ಚಕ್ರಗಳನ್ನು ಸಮ ಮಾಡಲು ಎಳೆಯುತ್ತದೆ, ಕೆಳಗಿನ ಚಕ್ರದ ಮೇಲೆ ಭಾರ ಬೀಳುವುದಿಲ್ಲ. ಹಿಂದೆ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್ ಬೇರೆ, ಖಾಲಿ ಗಾಡಿಯಲ್ಲಿ ಅದು ಬಗ್ಗುವುದೇ ಕಡಿಮೆ. ಹಿಂದಿನ ಒಂದು ಚಕ್ರ ಗಾಳಿಗೆ ಏಳುತ್ತದೆ. ಡಿಫರೆನ್ಷಿಯಲ್ (ಎರಡು ಚಕ್ರಕ್ಕೆ ಎಂಜಿನ್ ಬಲ ಹಂಚುವ ಗೇರು) ಸಾದಾ ಇದ್ದರೆ ಗಾಳಿಯಲ್ಲಿದ್ದ ಚಕ್ರ ಗಿರಗಿರ ತಿರುಗುತ್ತದೆ, ನೆಲದಲ್ಲಿದ್ದದ್ದು ಸುಮ್ಮನೆ ನಿಂತಿರುತ್ತದೆ. ಬಾರ್ ಬಿಚ್ಚಿದ್ದರೆ ಮುಂದಿನ ಚಕ್ರಗಳು ನೆಲಕ್ಕೆ ತಕ್ಕಂತೆ ಇನ್ನಷ್ಟು ಮೇಲೆ ಕೆಳಗೆ ಹೋಗುತ್ತವೆ, ಗಾಡಿ ಅಷ್ಟು ಬೇಗ ಮೂರು ಕಾಲಿನ ಮೇಲೆ ನಿಲ್ಲುವುದಿಲ್ಲ. ಕೂತವರ ತಲೆ ಆ ಕಡೆ ಈ ಕಡೆ ಬಡಿಯುವುದೂ ಕಡಿಮೆ.

ಇಷ್ಟು ಲಾಭ ನಿಜ. ಆದರೆ ಎಷ್ಟು ಅನ್ನುವುದು ಗಾಡಿ ಮೇಲೆ ಹೋಗುತ್ತದೆ. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಎರಡರಲ್ಲೂ ಮುಂದೆ ಪ್ರತಿ ಚಕ್ರಕ್ಕೂ ಬೇರೆ ಬೇರೆ ಜೋಡಿ ತೋಳು ಇರುವ ಡಬಲ್ ವಿಶ್‌ಬೋನ್, ಕಾಯಿಲ್ ಸ್ಪ್ರಿಂಗ್. ಇಲ್ಲಿ ಚಕ್ರ ಎಷ್ಟು ಏರಬೇಕು, ಎಷ್ಟು ಇಳಿಯಬೇಕು ಅನ್ನುವುದನ್ನು ಶಾಕ್ ಅಬ್ಸಾರ್ಬರ್ ಉದ್ದ, ಆರ್ಮ್‌ನ ಅಳತೆ, ಚಕ್ರ ತೀರಾ ಮೇಲೆ ಹೋಗದಂತೆ ತಡೆಯುವ ಬಂಪ್ ಸ್ಟಾಪ್ ಇವು ಮೊದಲೇ ನಿಗದಿ ಮಾಡಿರುತ್ತವೆ. ಬಾರ್ ತೆಗೆದರೆ ಆ ಮಿತಿಯೇನೂ ಹೆಚ್ಚಾಗುವುದಿಲ್ಲ, ಮಿತಿಯವರೆಗೆ ಸಲೀಸಾಗಿ ಹೋಗುತ್ತದೆ ಅಷ್ಟೆ. ಮುಂದೆಯೂ ಗಟ್ಟಿ ಆಕ್ಸಲ್ (ಎರಡೂ ಚಕ್ರ ಸೇರಿಸುವ ಒಂದೇ ಅಚ್ಚು) ಇರುವ ಗಾಡಿಗಳಲ್ಲಿ ಲಾಭ ಜಾಸ್ತಿ. ಜೀಪ್ ರ‍್ಯಾಂಗ್ಲರ್ ರೂಬಿಕಾನ್ ಅಂಥದ್ದು, ಅದಕ್ಕೆ ಕಂಪನಿಯವರೇ ಬಾರ್ ಬಿಡಿಸುವ ಬಟನ್ ಕೊಟ್ಟಿದ್ದಾರೆ. ಅಮೆರಿಕದ ರ‍್ಯಾಮ್ ಪವರ್ ವ್ಯಾಗನ್ ಪಿಕಪ್‌ನಲ್ಲೂ ಇದೆ. ಒಂದು ವಿಷಯ ಗಮನಿಸಿ. ರೂಬಿಕಾನ್‌ನಲ್ಲಿ ವೇಗ ಗಂಟೆಗೆ ಸುಮಾರು 30 ಕಿಲೋಮೀಟರ್ ಹತ್ತಿರ ಬಂದರೆ ಬಾರ್ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಬೆಟ್ಟ ಹತ್ತಲಿಕ್ಕೇ ಮಾಡಿದ ಗಾಡಿಯಲ್ಲಿ ಕೂಡ ಬಾರ್ ಇಲ್ಲದೆ ಜೋರಾಗಿ ಓಡಿಸಲು ಕಂಪನಿ ಬಿಟ್ಟಿಲ್ಲ.

ನಿಮ್ಮ ಗಾಡಿಗೆ ಎಷ್ಟು ಲಾಭ ಅಂತ ಮನೆ ಮುಂದೆಯೇ ನೋಡಬಹುದು. ಗಟ್ಟಿ ಕಲ್ಲುಚಪ್ಪಡಿಗಳನ್ನು ಮೆಟ್ಟಿಲಂತೆ ಜೋಡಿಸಿ, ಮುಂದಿನ ಒಂದು ಚಕ್ರವನ್ನು ಮೆಲ್ಲಗೆ ಹತ್ತಿಸಿ. ಇನ್ನೊಬ್ಬರು ದೂರ ನಿಂತು ಹಿಂದಿನ ಚಕ್ರ ನೋಡಲಿ, ಯಾರೂ ಗಾಡಿ ಕೆಳಗೆ ಹೋಗುವುದು ಬೇಡ. ಯಾವ ಎತ್ತರದಲ್ಲಿ ಚಕ್ರ ನೆಲ ಬಿಡುತ್ತದೆ ಅಂತ ಗುರುತು ಮಾಡಿ. ಇಳಿಸಿ, ಲಿಂಕ್ ಬಿಚ್ಚಿ, ಮತ್ತೆ ಅದೇ ಮಾಡಿ. ನನ್ನ ಗಾಡಿಯಲ್ಲಿ ಸಿಕ್ಕ ವ್ಯತ್ಯಾಸ ನಾಲ್ಕು ಬೆರಳಿನಷ್ಟು. ಬಂಡೆ ಮೇಲೆ ನಾಲ್ಕು ಬೆರಳು ಕೆಲವು ಸಲ ಬಹಳ ದೊಡ್ಡದು, ಹೆಚ್ಚಿನ ಸಲ ಲೆಕ್ಕಕ್ಕೇ ಬರುವುದಿಲ್ಲ.

ಎಲ್ಲಿ ಬೇಕು, ಎಲ್ಲಿ ಬೇಡ ಅನ್ನುವುದು ನಮ್ಮ ಮೂರು ಜಿಲ್ಲೆಯ ನೆಲ ನೋಡಿದರೆ ಗೊತ್ತಾಗುತ್ತದೆ. ರಾಯಚೂರು, ಸಿಂಧನೂರು, ಮಾನ್ವಿ ಕಡೆಯ ಎರೆ ನೆಲಕ್ಕೆ ಬಾರ್ ತೆಗೆದು ಏನೂ ಪ್ರಯೋಜನ ಇಲ್ಲ. ಮಳೆ ಬಿದ್ದ ಎರೆ ಮಣ್ಣು ಟೈರಿನ ಹಲ್ಲೆಲ್ಲ ಮುಚ್ಚಿ ಚಕ್ರವನ್ನು ರೊಟ್ಟಿಯಂತೆ ನುಣ್ಣಗೆ ಮಾಡಿಬಿಡುತ್ತದೆ. ಅಲ್ಲಿ ಬೇಕಾಗಿರುವುದು ಒಳ್ಳೆ ಹಲ್ಲಿನ ಟೈರು, ಅಥವಾ ನೆಲ ಒಣಗುವವರೆಗೆ ಎರಡು ದಿನದ ತಾಳ್ಮೆ. ಕೃಷ್ಣಾ, ತುಂಗಭದ್ರಾ ದಂಡೆಯ ಮರಳಿಗೂ ಅಷ್ಟೆ, ಅಲ್ಲಿ ಗಾಳಿ ಇಳಿಸುವುದೇ ಮದ್ದು. ಸಂಡೂರು ಕಡೆ ಮಳೆನೀರು ಕೊರೆದ ಕೆಮ್ಮಣ್ಣಿನ ದಾರಿಗಳಲ್ಲಿ ಸ್ವಲ್ಪ ಉಪಯೋಗ ಇದೆ, ಆದರೆ ಅದೇ ದಾರಿ ಮುಂದೆ ಹೋಗಿ ಅದಿರಿನ ಲಾರಿಗಳು ಓಡುವ ರಸ್ತೆಗೆ ಸೇರುತ್ತದೆ, ಅಲ್ಲಿಗೆ ಬಾರ್ ಇಲ್ಲದೆ ಹೋಗಲೇಬೇಡಿ. ಕೊಪ್ಪಳ, ಗಂಗಾವತಿ, ಆನೆಗೊಂದಿ ಸುತ್ತಿನ ಬಂಡೆಗಲ್ಲಿನ ನೆಲ ಇದೆಯಲ್ಲ, ಅಲ್ಲಿ ಮಾತ್ರ ನಿಜವಾದ ಲಾಭ. ಒಂದೊಂದು ಚಕ್ರಕ್ಕೂ ಒಂದೊಂದು ಎತ್ತರ. ಹಿರೇಬೆಣಕಲ್‌ನ ಶಿಲಾಸಮಾಧಿಗಳ ಹತ್ತಿರ, ಕಾಯ್ದಿಟ್ಟ ಅರಣ್ಯದೊಳಗೆ ಗಾಡಿ ನುಗ್ಗಿಸುವ ಮಾತು ಬೇಡವೇ ಬೇಡ. ಆ ಕಲ್ಲುಗಳು ಸಾವಿರಾರು ವರ್ಷದಿಂದ ಅಲ್ಲಿ ನಿಂತಿವೆ. ಸ್ವಂತ ಹೊಲ, ಪರಿಚಯದವರ ಕ್ವಾರಿ ದಾರಿ, ಅನುಮತಿ ಇರುವ ಜಾಗ ನಮಗೆ ಸಾಕು.

ಬಾರ್‌ಗೆ ಕೈ ಹಾಕುವ ಮುಂಚೆ ಇನ್ನೂ ಮೂರು ಕೆಲಸ ಇವೆ, ಮೂರೂ ಖರ್ಚಿಲ್ಲದವು. ಟೈರಿನ ಗಾಳಿ ಇಳಿಸಿ. ಕಲ್ಲಿಗೆ 20ರಿಂದ 22 ಪಿಎಸ್‌ಐ, ಮರಳಿಗೆ 16ರಿಂದ 18 ಸಾಕು, ಗಾಡಿ ಖಾಲಿ ಇದ್ದಾಗಿನ ಮಾತು ಇದು. ಗಾಳಿ ಇಳಿದ ಟೈರು ಕಲ್ಲನ್ನು ತಬ್ಬಿಕೊಳ್ಳುತ್ತದೆ, ನನ್ನ ಅನುಭವದಲ್ಲಿ ಬಾರ್ ಬಿಚ್ಚಿದ್ದಕ್ಕಿಂತ ಇದರಿಂದ ಸಿಕ್ಕ ಲಾಭವೇ ಹೆಚ್ಚು. ಆಮೇಲೆ ಮೆಲ್ಲಗೆ ಓಡಿಸಿ, ಜೋರಾಗಿ ಸ್ಟೀರಿಂಗ್ ತಿರುಗಿಸಬೇಡಿ, ರಸ್ತೆಗೆ ಬಂದ ತಕ್ಷಣ ಗಾಳಿ ತುಂಬಲು ಕಂಪ್ರೆಸರ್ ಜೊತೆಗಿರಲಿ. ಎರಡನೆಯದು, ಇಳಿದು ನಡೆದು ನೋಡಿ. ಚಕ್ರ ಯಾವ ಕಲ್ಲಿನ ಮೇಲೆ ಇಡಬೇಕು ಅಂತ ಮೊದಲೇ ತೀರ್ಮಾನ ಮಾಡಿ. ಮೂರನೆಯದು, 4 ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರು) ಹಾಕಿ, ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಮಾಡುವ ಡಿಫ್ ಲಾಕ್ ಇದ್ದರೆ ಅದನ್ನು ಕಲ್ಲಿಗೆ ಮುಟ್ಟುವ ಮುಂಚೆಯೇ ಹಾಕಿ, ಚಕ್ರ ತಿರುಗಲು ಶುರುವಾದ ಮೇಲೆ ಅಲ್ಲ. ಡಿಫ್ ಲಾಕ್ ಇರುವ ಗಾಡಿಗೆ ಒಂದು ಚಕ್ರ ಗಾಳಿಯಲ್ಲಿದ್ದರೂ ಚಿಂತೆಯಿಲ್ಲ, ಬಾರ್ ಬಿಚ್ಚುವ ಅಗತ್ಯವೇ ಅರ್ಧ ಕಡಿಮೆ.

ಈಗ ಅಪಾಯದ ಮಾತು. ಎರಡು ವರ್ಷದ ಹಿಂದೆ ಒಂದು ಗ್ಯಾರೇಜಿಗೆ ಬುಷ್ ಬದಲಿಸಲು ಗಾಡಿ ಬಿಟ್ಟಿದ್ದೆ. ಹುಡುಗ ಹೇಳಿದ, "ಅಣ್ಣಾ, ಈ ರಾಡ್ ಯಾಕ್ ಬೇಕ್ರಿ, ತೆಗೆದು ಒಗದ್ ಬಿಡೋಣ್ರಿ, ಗಾಡಿ ಮೆತ್ತಗ್ ಹೋಗ್ತೈತಿ." ಒಪ್ಪಿಬಿಟ್ಟೆ. ಒಂದು ವಾರ ನಿಜವಾಗಿಯೂ ಮೆತ್ತಗಿತ್ತು. ಒಂದು ಸಂಜೆ ಕಾಲುವೆ ಏರಿ ಮೇಲೆ ಬರುತ್ತಿದ್ದೆ, ವೇಗ ಐವತ್ತು ಇರಬಹುದು, ಎದುರಿಗೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ಟ್ರಾಲಿ, ಹಿಂದೆ ದೀಪ ಇಲ್ಲ, ರಸ್ತೆ ಮಧ್ಯ ನಿಂತಿದೆ. ಬಲಕ್ಕೆ ಎಳೆದೆ, ಗಾಡಿ ಎಡಕ್ಕೆ ವಾಲಿತು. ಮತ್ತೆ ಎಡಕ್ಕೆ ಎಳೆದಾಗ ಬಲಕ್ಕೆ ಇನ್ನೂ ಜಾಸ್ತಿ ವಾಲಿತು, ಹಿಂದಿನ ಚಕ್ರ ಜಾರಿ ಗಾಡಿಯ ಬಾಲ ಕಾಲುವೆ ಕಡೆ ಹೋಯಿತು. ನಿಂತಾಗ ಹಿಂದಿನ ಟೈರಿಗೂ ನೀರಿಗೂ ಒಂದು ಮಾರು ಅಂತರ ಇತ್ತು. ಪಕ್ಕದ ಸೀಟಿನಲ್ಲಿ ಮಗಳಿದ್ದಳು. ಮರುದಿನ ಬೆಳಿಗ್ಗೆ ಬಾರ್ ವಾಪಸ್ ಹಾಕಿಸಿದೆ.

ಬಾಲ ಯಾಕೆ ಜಾರಿತು ಅಂತ ಆಮೇಲೆ ಕೂತು ಓದಿದೆ. ತಿರುವಿನಲ್ಲಿ ವಾಲುವಿಕೆಯನ್ನು ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಹಂಚಿಕೊಂಡು ತಡೆಯುತ್ತವೆ. ಮುಂದಿನ ಬಾರ್ ತೆಗೆದರೆ ಮುಂದಿನ ಪಾಲು ಕಡಿಮೆಯಾಗಿ ಹೆಚ್ಚಿನ ಹೊರೆ ಹಿಂದಕ್ಕೆ ಬೀಳುತ್ತದೆ. ಖಾಲಿ ಪಿಕಪ್‌ನ ಹಿಂಭಾಗ ಮೊದಲೇ ಹಗುರ, ಲೀಫ್ ಸ್ಪ್ರಿಂಗ್ ಗಟ್ಟಿ. ಹಾಗಾಗಿ ಹಿಂದಿನ ಟೈರು ಮೊದಲು ಹಿಡಿತ ಬಿಡುತ್ತದೆ. ಸುಮ್ನೆ ವಾಲುವ ಗಾಡಿಗಿಂತ ಬಾಲ ಜಾರುವ ಗಾಡಿ ಹೆಚ್ಚು ಅಪಾಯ. ಇಎಸ್‌ಸಿ (ಗಾಡಿ ಜಾರದಂತೆ ತಾನೇ ಬ್ರೇಕ್ ಹಿಡಿಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಅದನ್ನೂ ಬಾರ್ ಇದೆ ಅಂದುಕೊಂಡೇ ಹೊಂದಿಸಿರುತ್ತಾರೆ. ಹತ್ತಿ, ಹುಲ್ಲು ಎತ್ತರಕ್ಕೆ ಹೇರುವವರು ಈ ಬಾರ್ ಮುಟ್ಟುವ ಯೋಚನೆಯನ್ನೇ ಮಾಡಬೇಡಿ, ದಯವಿಟ್ಟು.

ಬಿಚ್ಚುವುದು ಹೇಗೆ ಅಂದರೆ, ಮೊದಲ ಸಲ ಮನೆಯಲ್ಲೇ ಹಗಲಿನಲ್ಲಿ ಮಾಡಿ ಕಲಿಯಿರಿ. ಸಮತಟ್ಟಾದ ನೆಲ ಬೇಕು. ಒಂದು ಚಕ್ರ ಎತ್ತರದಲ್ಲಿದ್ದರೆ ಬಾರ್ ತಿರುಚಿಕೊಂಡು ನಿಂತಿರುತ್ತದೆ, ನಟ್ಟು ಬಿಚ್ಚಿದ ಕೂಡಲೇ ಕೈಗೆ ಹೊಡೆಯುತ್ತದೆ. ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್, ಗೇರಿನಲ್ಲಿ ಬಿಡಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ನಾಲ್ಕೂ ಚಕ್ರ ನೆಲದ ಮೇಲೇ ಇರಲಿ, ಕೈ ಹೋಗುವಷ್ಟು ಜಾಗ ಇದ್ದರೆ ಜಾಕ್ ಬೇಕಾಗುವುದಿಲ್ಲ. ಲಿಂಕ್‌ನ ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಹತ್ತು ನಿಮಿಷ ಬಿಡಿ. ನಮ್ಮ ಕಡೆ ಧೂಳು ಮೆತ್ತಿಕೊಂಡು ಥ್ರೆಡ್ ಮೇಲೆ ಗಾರೆ ಬಳಿದಂತೆ ಆಗಿರುತ್ತದೆ, ಮೊದಲು ತಂತಿ ಬ್ರಷ್‌ನಲ್ಲಿ ಉಜ್ಜಿ. ನಟ್ಟು ತಿರುಗಿಸುವಾಗ ಒಳಗಿನ ಬೋಲ್ಟೂ ಜೊತೆಗೆ ತಿರುಗುತ್ತದೆ, ಬೋಲ್ಟಿನ ತುದಿಯಲ್ಲಿ ಅಲೆನ್ ಕೀ ಕೂರುವ ತೂತು ಇದ್ದರೆ ಅದಕ್ಕೆ ಕೀ ಹಾಕಿ ಹಿಡಿದು, ಹೊರಗಿನ ನಟ್ಟನ್ನು ಪಾನಾದಿಂದ ತಿರುಗಿಸಿ. ಹಿಡಿಯದೆ ಜೋರು ಮಾಡಿದರೆ ಒಳಗಿನ ರಬ್ಬರ್ ಬೂಟ್ ಹರಿದು ಹೋಗುತ್ತದೆ.

ಒಂದೇ ಬದಿ ಬಿಚ್ಚಿದರೂ ಬಾರ್ ಕೆಲಸ ನಿಲ್ಲುತ್ತದೆ, ನಿಜ. ಆದರೆ ಬಿಚ್ಚಿದ ತುದಿ ಇನ್ನೊಂದು ಚಕ್ರದ ಜೊತೆ ಮೇಲೆ ಕೆಳಗೆ ಬಡಿದಾಡುತ್ತಾ ಬ್ರೇಕ್ ಪೈಪಿಗೆ ತಾಗಬಹುದು. ಎರಡೂ ಬದಿ ಬಿಚ್ಚಿ. ಬಾರ್ ತುದಿಗಳನ್ನು ಮೇಲಕ್ಕೆ ಎತ್ತಿ ಗಟ್ಟಿ ಪಟ್ಟಿಯಿಂದ ಚಾಸಿಗೆ ಕಟ್ಟಿ. ಸುಮ್ನೆ ಪ್ಲಾಸ್ಟಿಕ್ ಟ್ಯಾಗ್ ಒಂದನ್ನೇ ನಂಬಬೇಡಿ. ಆಮೇಲೆ ಸ್ಟೀರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಬಾರ್ ಟೈರಿಗೆ, ಡ್ರೈವ್ ಶಾಫ್ಟ್‌ನ ರಬ್ಬರ್ ಬೂಟಿಗೆ, ಬ್ರೇಕ್ ಪೈಪಿಗೆ ಎಲ್ಲೂ ತಾಗುತ್ತಿಲ್ಲ ಅಂತ ಕಣ್ಣಿಂದ ನೋಡಿ. ಬಿಚ್ಚಿದ ನಟ್ಟು, ವಾಷರ್ ಡಬ್ಬಿಯಲ್ಲಿ ಹಾಕಿ ಸೀಟಿನ ಕೆಳಗಿಡಿ. ಒಂದು ಚೀಟಿಯಲ್ಲಿ "ಬಾರ್ ಬಿಚ್ಚಿದೆ" ಅಂತ ಬರೆದು ಸ್ಟೀರಿಂಗಿಗೆ ಅಂಟಿಸಿ. ದಣಿದು ಬಂದಾಗ ಮರೆಯುವುದು ಸುಲಭ, ಗಾಡಿ ಬೇರೆ ಯಾರೋ ಓಡಿಸಿಕೊಂಡು ಹೋಗಬಹುದು.

ಬಿಚ್ಚಿದ ಮೇಲೆ ವೇಗ ಇಪ್ಪತ್ತು ದಾಟಬೇಡಿ. ಇನ್ನೊಂದು ವಿಷಯ, ಅಡ್ಡ ಇಳಿಜಾರಿನಲ್ಲಿ ಹೋಗುವಾಗ ಗಾಡಿ ಕೆಳಬದಿಗೆ ಮೊದಲಿಗಿಂತ ಜಾಸ್ತಿ ವಾಲುತ್ತದೆ, ಆದ್ದರಿಂದ ಅಂಥ ಜಾಗ ಇರುವ ದಾರಿಗೆ ಬಾರ್ ಹಾಕಿಕೊಂಡೇ ಹೋಗಿ. ಕಾನೂನಿನ ಮಾತು ಕೇಳುವವರಿಗೆ: ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಗಾಡಿಯ ಮಾರ್ಪಾಡಿನ ಬಗ್ಗೆಯೇ ಇದೆ. ಬಾರ್ ಇಲ್ಲದೆ ರಸ್ತೆಯಲ್ಲಿ ಅಪಘಾತ ಆದರೆ ಇನ್ಶೂರೆನ್ಸ್‌ನವರು ಅದನ್ನು ಪ್ರಶ್ನೆ ಮಾಡಬಹುದು.

ವಾಪಸ್ ಹಾಕುವಾಗಲೂ ಸಮ ನೆಲವೇ ಬೇಕು. ಇಲ್ಲದಿದ್ದರೆ ಲಿಂಕ್ ತೂತಿಗೆ ಕೂರುವುದಿಲ್ಲ. ಒಂದು ಬದಿ ಕೂತು ಇನ್ನೊಂದು ಬದಿ ಅರ್ಧ ಇಂಚು ಸರಿದಿದ್ದರೆ, ಸುತ್ತಿಗೆಯಿಂದ ಹೊಡೆಯಬೇಡಿ, ಗಾಡಿಯನ್ನು ಒಂದಡಿ ಮುಂದೆ ಹಿಂದೆ ಮಾಡಿ, ತಾನೇ ಸರಿಯಾಗುತ್ತದೆ. ಥ್ರೆಡ್ ಒರೆಸಿ, ಎರಡೂ ಬದಿ ನಟ್ಟು ಕೈಯಲ್ಲಿ ಹಿಡಿಸಿ, ಆಮೇಲೆ ಬಿಗಿ ಮಾಡಿ. ಎಷ್ಟು ಬಿಗಿ ಅಂತ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಇರುವಷ್ಟೇ, ಟಾರ್ಕ್ ಪಾನಾದಲ್ಲಿ. ಲಾಕ್ ನಟ್ಟಿನ ಒಳಗಿನ ನೈಲಾನ್ ಸವೆದಿದ್ದರೆ ಹೊಸದು ಹಾಕಿ, ಅದಕ್ಕೆ ದೊಡ್ಡ ಖರ್ಚೇನಿಲ್ಲ. ಐವತ್ತು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಬಗ್ಗಿ, ಎರಡೂ ನಟ್ಟಿಗೆ ಪಾನಾ ಹಾಕಿ ನೋಡಿ. ತಗ್ಗು ದಾಟುವಾಗ ಮುಂದಿನಿಂದ ಟಕ್ ಟಕ್ ಅಂತ ಶಬ್ದ ಬಂದರೆ ಲಿಂಕ್ ಸಡಿಲ ಇರಬಹುದು, ಅಲ್ಲೇ ನಿಲ್ಲಿಸಿ ನೋಡಿ ಬಿಗಿ ಮಾಡಿ.