ಅಂಬಾಸಿಡರ್, ಜಾವಾ, ಕೆಂಪು ಬಸ್: ನೆನಪಿನ ಚಿತ್ರ ಬರೆಯುವುದು ಹೀಗೆ

ಹಳೇ ಗಾಡಿಗಳ ಚಿತ್ರ ಬರೆಯುವ ಹುಚ್ಚು ಈಗ ಜೋರಾಗಿದೆ. ಅಂಬಾಸಿಡರ್, ಪದ್ಮಿನಿ, ಜಾವಾ, ಚೇತಕ್, ಲೂನಾ ಎಲ್ಲವೂ ಹಾಳೆ ಮೇಲೆ ಮತ್ತೆ ಓಡಾಡುತ್ತಿವೆ. ಆದರೆ ಬಹಳಷ್ಟು ಚಿತ್ರಗಳಲ್ಲಿ ಗಾಡಿ ಈಗಷ್ಟೇ ಶೋರೂಮಿನಿಂದ ಇಳಿದ ಹಾಗಿರುತ್ತದೆ. ಥಳಥಳ ಬಂಪರ್, ಒಂದು ಗೀರೂ ಇಲ್ಲದ ಬಾನೆಟ್, ಹಿಂದೆ ಖಾಲಿ ರಸ್ತೆ. ಯಾವುದೋ ಫೋಟೋ ಎದುರಿಗಿಟ್ಟುಕೊಂಡು ಬರೆದದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ಅದು ಗಾಡಿಯ ಚಿತ್ರ, ನೆನಪಿನ ಚಿತ್ರ ಅಲ್ಲ. ನೆನಪಲ್ಲಿರುವ ಗಾಡಿಗೆ ಒಂದು ಊರಿರುತ್ತದೆ, ಒಂದು ಹೊತ್ತಿರುತ್ತದೆ, ತಲೆ ಮೇಲೆ ಯಾರದ್ದೋ ಸಾಮಾನಿರುತ್ತದೆ. ಮುಖ್ಯವಾಗಿ, ಅದನ್ನು ನೋಡುವಾಗ ನೀವು ಎಷ್ಟು ಎತ್ತರ ಇದ್ದಿರಿ ಅನ್ನೋದೂ ಇರುತ್ತದೆ. ನಾಲ್ಕಡಿ ಹುಡುಗನಿಗೆ ಕಂಡ ಅಂಬಾಸಿಡರೇ ಬೇರೆ, ಅವನ ಅಪ್ಪನಿಗೆ ಕಂಡದ್ದೇ ಬೇರೆ. ಇದೊಂದನ್ನು ಸರಿಯಾಗಿ ಹಿಡಿದರೆ ಅರ್ಧ ಕೆಲಸ ಮುಗಿದಂತೆ.

ಇಲ್ಲಿ ಒಂದೇ ಒಂದು ದೃಶ್ಯ ತೆಗೆದುಕೊಂಡು ಅದನ್ನು ಜಲವರ್ಣದಲ್ಲಿ ಬರೆಯುವುದು ಹೇಗೆ ಅಂತ ಮೊದಲಿಂದ ಕೊನೆಯವರೆಗೆ ಹೇಳುತ್ತೇನೆ. ಬೇಸಿಗೆ ರಜೆ. ಉಡುಪಿ ಕಡೆಯಿಂದ ತೀರ್ಥಹಳ್ಳಿ ಕಡೆಯ ಅಜ್ಜಿಮನೆಗೆ ಬಾಡಿಗೆ ಅಂಬಾಸಿಡರ್ ಹೊರಟಿದೆ. ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳಲ್ಲಿ ಅರ್ಧ ಹತ್ತುವಷ್ಟರಲ್ಲಿ ಎಂಜಿನ್ ಕಾದು ಹೋಗಿದೆ. ಡ್ರೈವರ್ ಬಾನೆಟ್ ಎತ್ತಿದ್ದಾರೆ, ರೇಡಿಯೇಟರಿನಿಂದ ಹಬೆ ಏಳುತ್ತಿದೆ, ಮನೆಮಂದಿ ರಸ್ತೆ ಬದಿ ನಿಂತಿದ್ದಾರೆ. ನಿಮ್ಮ ದೃಶ್ಯ ಬೇರೆ ಇರಬಹುದು, ದಾರಿ ಇದೇ.

ಮೊದಲು ಪೆನ್ನು, ಆಮೇಲೆ ಬ್ರಷ್

ಬಣ್ಣ ಮುಟ್ಟಬೇಡಿ. ಫೋಟೋ ಹುಡುಕಲೂ ಹೋಗಬೇಡಿ. ಫೋಟೋ ನೋಡಿದ ಕೂಡಲೇ ತಲೆಯಲ್ಲಿದ್ದ ಚಿತ್ರ ಜಾಗ ಖಾಲಿ ಮಾಡಿ ಆ ಫೋಟೋ ಬಂದು ಕೂತುಬಿಡುತ್ತದೆ. ಒಂದು ನೋಟ್ ಬುಕ್ ತೆಗೆದುಕೊಂಡು ಏನೇನು ನೆನಪಿದೆಯೋ ಎಲ್ಲ ಗೀಚಿ. ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು, ಯಾರು ಎಲ್ಲಿ ನಿಂತಿದ್ದರು, ಪೆಟ್ರೋಲ್ ವಾಸನೆ, ಬಿಸಿಯಾದ ರೆಕ್ಸಿನ್ ಸೀಟು ತೊಡೆಗೆ ಅಂಟುತ್ತಿದ್ದದ್ದು. ವಾಸನೆಯನ್ನು ಬರೆಯೋಕೆ ಆಗಲ್ಲ ನಿಜ, ಆದರೆ ಅದರ ಹಿಂದೆಯೇ ಇನ್ನೊಂದು ವಿವರ ನೆನಪಾಗುತ್ತದೆ.

ಆಮೇಲೆ ಮನೆಯ ಹಿರಿಯರಿಗೆ ಫೋನ್ ಮಾಡಿ. ನನ್ನ ಅತ್ತೆಗೆ ಕೇಳಿದಾಗ ಸಿಕ್ಕ ಉತ್ತರ ಇದು: “ಕಾರಿನ ಬಣ್ಣ ಯಾರಿಗೆ ನೆನಪಿರ್ತದೆ ಮಾರಾಯ? ಹಿಂದಿನ ಸೀಟಲ್ಲಿ ಆರು ಜನ ಇದ್ವಿ. ನನ್ನ ತೊಡೆ ಮೇಲೆ ನೀನು, ನಿನ್ನ ತೊಡೆ ಮೇಲೆ ಹಪ್ಪಳದ ಡಬ್ಬ.” ಬಣ್ಣ ಸಿಗಲಿಲ್ಲ, ಡಬ್ಬ ಸಿಕ್ಕಿತು. ಚಿತ್ರಕ್ಕೆ ಡಬ್ಬವೇ ಜಾಸ್ತಿ ಬೆಲೆಬಾಳುವ ವಿಷಯ. ಇಬ್ಬರು ಎರಡು ಥರ ಹೇಳಿದರೆ ಜಗಳ ಬಿಡಿಸಲು ಹೋಗಬೇಡಿ. ನಿಮ್ಮ ಕಣ್ಣಿಗೆ ಕಂಡದ್ದನ್ನೇ ಇಟ್ಟುಕೊಳ್ಳಿ.

ಗಾಡಿಯ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ

ಮರ ಎರಡಡಿ ಆಚೆ ಹೋದರೆ ಯಾರೂ ಕೇಳುವುದಿಲ್ಲ. ಗಾಡಿಯ ವಿವರ ತಪ್ಪಿದರೆ ಆ ಗಾಡಿ ಓಡಿಸಿದವರು ಬಿಡುವುದಿಲ್ಲ. ಗಾಡಿಯೇ ನಿಮ್ಮ ಚಿತ್ರದ ಕ್ಯಾಲೆಂಡರ್. ಉದಾಹರಣೆಗೆ ನಂಬರ್ ಪ್ಲೇಟ್. ‘ಕೆಎ’ ನಂಬರ್ ಬಂದದ್ದು 1988ರ ಮೋಟಾರು ವಾಹನ ಕಾಯ್ದೆ 1989ರಲ್ಲಿ ಜಾರಿಯಾದ ಮೇಲೆ. ಅದಕ್ಕೂ ಮುಂಚೆ ನಮ್ಮಲ್ಲಿ ಎಂವೈ, ಸಿಎ ಅಂತೆಲ್ಲ ಶುರುವಾಗುವ ಮೂರಕ್ಷರದ ನಂಬರುಗಳಿದ್ದವು. ಸ್ವಂತ ಗಾಡಿಗೆ ಕಪ್ಪು ಪ್ಲೇಟು, ಬಿಳಿ ಅಕ್ಷರ. ಬಾಡಿಗೆ ಗಾಡಿಗೆ ಬಿಳಿ ಪ್ಲೇಟು, ಕಪ್ಪು ಅಕ್ಷರ. ಹಳದಿ ಪ್ಲೇಟು ಬಂದದ್ದು ಅದೆಷ್ಟೋ ವರ್ಷ ಆದಮೇಲೆ. 1980ರ ಟ್ಯಾಕ್ಸಿಗೆ ಹಳದಿ ಪ್ಲೇಟು ಹಾಕಿದರೆ ಅಲ್ಲಿಗೆ ಕತೆ ಮುಗಿಯಿತು. ಅಂದಹಾಗೆ, ಪ್ಲೇಟಿನ ಮೇಲೆ ನಿಜವಾದ ಪೂರ್ತಿ ನಂಬರ್ ಬರೆಯಲೇಬೇಕು ಅಂತೇನಿಲ್ಲ, ಮೊದಲ ಅಕ್ಷರಗಳು ಓದುವ ಹಾಗಿದ್ದರೆ ಸಾಕು, ಉಳಿದದ್ದು ಕೆಸರಲ್ಲಿ ಮುಚ್ಚಿಹೋಗಲಿ.

ಬಸ್ಸಿಗೂ ಇದೇ ಮಾತು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ಕ್ಕೆ. ಅದಕ್ಕಿಂತ ಹಿಂದಿನ ನೆನಪಾದರೆ ಕೆಂಪು ಬಸ್ಸಿನ ಮೈಮೇಲೆ ಕರ್ನಾಟಕ ಅಂತ ಬರೆಯುವ ಹಾಗಿಲ್ಲ.

ಅಂಬಾಸಿಡರ್ ಬಂದದ್ದು 1950ರ ದಶಕದ ಕೊನೆಗೆ, ನಿಂತದ್ದು 2014ರಲ್ಲಿ. ಗುಂಡಗಿನ ಮೈ ಕೊನೆಯವರೆಗೂ ಹೆಚ್ಚುಕಮ್ಮಿ ಅದೇ. ಆದರೆ ಮುಂದಿನ ಗ್ರಿಲ್ ಮಾಡೆಲ್ಲಿನಿಂದ ಮಾಡೆಲ್ಲಿಗೆ ಬದಲಾಗಿದೆ. ನಿಮ್ಮ ನೆನಪಿನ ವರ್ಷಕ್ಕೆ ಯಾವ ಗ್ರಿಲ್ ಅಂತ ಈಗ ಫೋಟೋ ನೋಡಿ ಖಚಿತ ಮಾಡಿಕೊಳ್ಳಿ. ಮುಂದಿನ ಬಾಗಿಲಿನ ಕಿಟಕಿಯಲ್ಲಿ ತಿರುಗಿಸಿ ತೆಗೆಯುವ ಪುಟ್ಟ ತ್ರಿಕೋನ ಗಾಜನ್ನು ಮರೆಯಬೇಡಿ, ಹೊಸಬರು ಅದನ್ನೇ ಬಿಟ್ಟುಬಿಡುತ್ತಾರೆ.

ಜಾವಾ ಆದರೆ ಮೈಸೂರಿನದ್ದೇ ಗಾಡಿ. ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಯಿತು, 1970ರ ದಶಕದಲ್ಲಿ ಯೆಜ್ಡಿ ಅಂತ ಹೆಸರಾಯಿತು, 1996ಕ್ಕೆ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರ್ ಆದರೂ ಎರಡು ಕಡೆಗೂ ಒಂದೊಂದು ಸೈಲೆನ್ಸರ್. ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ, ಎಡಗಡೆಗೆ. ಬೇರೆ ಬೈಕ್ ನೋಡಿ ಬಲಗಡೆಗೆ ಕಿಕ್ಕರ್ ಬರೆದರೆ ಜಾವಾ ಪ್ರಿಯರು ಮರ್ಯಾದೆ ತೆಗೆಯುತ್ತಾರೆ. ಚೇತಕ್‌ಗೆ ಎಂಜಿನ್ ಬಲಗಡೆ. ಫೋಟೋ ಉಲ್ಟಾ ಆಗಿದ್ದರೆ ಅದು ಎಡಕ್ಕೆ ಬಂದುಬಿಡುತ್ತದೆ, ನೋಡಿಕೊಳ್ಳಿ.

ನಿಜವಾದ ಗಾಡಿ ಹತ್ತಿರದಿಂದ ನೋಡಬೇಕೆಂದರೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಇದೆ, ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಕಾರು ಸಂಗ್ರಹಾಲಯ ಇದೆ. ಹೋಗಿ, ಅಳತೆ ನೋಡಿ, ಸ್ಕೆಚ್ ಮಾಡಿ. ಹೊಳಪನ್ನು ಮಾತ್ರ ಅಲ್ಲೇ ಬಿಟ್ಟು ಬನ್ನಿ. ಬಣ್ಣ ಮಾಸಿದ ಬಾಗಿಲು, ತುಕ್ಕು ಹಿಡಿದ ಮಡ್‌ಗಾರ್ಡ್ ನೋಡೋಕೆ ನಿಮ್ಮೂರಿನ ಗುಜರಿ ಅಂಗಡಿಯೇ ಒಳ್ಳೇದು.

ನೀವು ಎಷ್ಟು ಎತ್ತರ ಇದ್ದಿರಿ?

ಇದು ನಿಧಾನವಾಗಿ ಓದಬೇಕಾದ ಭಾಗ. ಹಾಳೆ ಮೇಲೆ ಮೊದಲು ಎಳೆಯಬೇಕಾದ ಗೆರೆ ಕಣ್ಣಿನ ಮಟ್ಟದ್ದು. ಏಳೆಂಟು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು ಮೂರೂಮುಕ್ಕಾಲು ಅಡಿ ಮೇಲಿರುತ್ತದೆ. ಅಂಬಾಸಿಡರ್ ಎತ್ತರ ಸುಮಾರು ಐದೂಕಾಲು ಅಡಿ. ಅಂದರೆ ಸಮತಟ್ಟಾದ ನೆಲದಲ್ಲಿ ಮಗುವಿನ ಕಣ್ಣಿನ ಗೆರೆ ಕಾರಿನ ಕಿಟಕಿಯ ಕೆಳ ಅಂಚಿನ ಆಸುಪಾಸಲ್ಲಿ ಹಾದುಹೋಗುತ್ತದೆ. ಕಾರಿನ ಟಾಪ್ ಮಗುವಿಗೆ ಕಾಣುವುದೇ ಇಲ್ಲ. ಮೇಲಿನ ಕ್ಯಾರಿಯರ್‌ನಲ್ಲಿ ಕಟ್ಟಿದ ಹಾಸಿಗೆ ಸುರುಳಿ ಆಕಾಶಕ್ಕೆ ತಾಗಿದ ಹಾಗೆ ಕಾಣುತ್ತದೆ. ಎತ್ತಿದ ಬಾನೆಟ್ಟಿನ ಒಳಮೈ ಕಾಣುತ್ತದೆ, ಎಂಜಿನ್ ಕಾಣುವುದಿಲ್ಲ. ದೊಡ್ಡವರೆಲ್ಲ ಬಗ್ಗಿ ಏನನ್ನೋ ನೋಡುತ್ತಿದ್ದಾರೆ, ಮಗುವಿಗೆ ಅವರ ಬೆನ್ನು ಮಾತ್ರ.

ಫೋಟೋಗಳಲ್ಲಿ ಹೀಗೆ ಇರುವುದಿಲ್ಲ, ಅವನ್ನು ತೆಗೆದವರು ದೊಡ್ಡವರು, ಕೆಲವು ಸಲ ಮೆಟ್ಟಿಲು ಹತ್ತಿಯೂ ತೆಗೆದಿರುತ್ತಾರೆ, ಹಾಗಾಗಿ ಟಾಪ್ ಎಲ್ಲ ಕಾಣುತ್ತದೆ, ಅದನ್ನೇ ನಕಲು ಮಾಡಿದರೆ ನಿಮ್ಮ ನೆನಪು ಬೇರೆ ಯಾರದ್ದೋ ಕಣ್ಣಿಂದ ನೋಡಿದ ಹಾಗಾಗುತ್ತದೆ. ಆಟಿಕೆ ಕಾರ್ ಇದ್ದರೆ ಮೇಜಿನ ಮೇಲಿಟ್ಟು, ಕಿಟಕಿ ಮಟ್ಟಕ್ಕೆ ಕಣ್ಣು ತಂದು ನೋಡಿ. ಮೊಬೈಲ್ ಅದೇ ಮಟ್ಟದಲ್ಲಿಟ್ಟು ಒಂದು ಫೋಟೋ ತೆಗೆದುಕೊಂಡರೆ ಸ್ಕೆಚ್ಚಿಗೆ ಅದೇ ಆಧಾರ.

ಘಾಟಿಯಲ್ಲಿ ಇನ್ನೊಂದು ತೊಡಕಿದೆ. ಏರುರಸ್ತೆಯ ಎರಡು ಅಂಚು ಸೇರುವ ಜಾಗ ಕಣ್ಣಿನ ಗೆರೆಗಿಂತ ಮೇಲಿರುತ್ತದೆ. ಕಾರಿನ ಉದ್ದದ ಗೆರೆಗಳೂ ಅಲ್ಲಿಗೇ ಹೋಗಬೇಕು. ಮರಗಳು, ಜನ ಮಾತ್ರ ನೆಟ್ಟಗೆ. ಇಷ್ಟು ಮಾಡಿದರೆ ಕಾರ್ ಏರಿನಲ್ಲಿ ನಿಂತದ್ದು ತಾನಾಗಿ ಕಾಣುತ್ತದೆ. ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟ ಕಲ್ಲೊಂದು ಇರಲಿ, ಯಾವ ಡ್ರೈವರೂ ಅದನ್ನು ಇಡದೆ ಬಾನೆಟ್ ಎತ್ತುತ್ತಿರಲಿಲ್ಲ.

ಚಕ್ರದಿಂದ ಅಳತೆ

ಗಾಡಿ ಬರೆಯುವಾಗ ಸ್ಕೇಲ್ ಬೇಡ, ಚಕ್ರವೇ ಸ್ಕೇಲು. ಅಂಬಾಸಿಡರ್ ಪಕ್ಕದಿಂದ ನೋಡಿದರೆ ಉದ್ದ ಸುಮಾರು ಆರೂವರೆ ಚಕ್ರ, ಎತ್ತರ ಎರಡೂವರೆ ಚಕ್ರಕ್ಕೆ ಸ್ವಲ್ಪ ಕಮ್ಮಿ. ಚಕ್ರದ ನಡುವಿನಿಂದ ನಡುವಿಗೆ ನಾಲ್ಕಕ್ಕಿಂತ ಒಂಚೂರು ಕಡಿಮೆ. ಓರೆಯಾಗಿ ನಿಂತ ಕಾರಿಗೆ ಉದ್ದ ಕುಗ್ಗುತ್ತದೆ, ಎತ್ತರದ ಅಳತೆ ನಡೆಯುತ್ತದೆ. ಚಕ್ರ ಆಗ ಮೊಟ್ಟೆಯಾಕಾರ ಆಗುತ್ತದೆ. ಬರೆಯುವ ಮುಂಚೆ ಎರಡು ಚಕ್ರದ ನಡುಬಿಂದು ಮತ್ತು ಅವು ನೆಲ ಮುಟ್ಟುವ ಜಾಗ ಗುರುತು ಮಾಡಿಕೊಳ್ಳಿ. ಮುಂದಿನ ಚಕ್ರವನ್ನು ಒಂಚೂರು ತಿರುಗಿಸಿ ಬರೆದರೆ ಗಾಡಿಗೆ ಜೀವ ಬರುತ್ತದೆ.

ಇದನ್ನೆಲ್ಲ ಸಾದಾ ಹಾಳೆಯಲ್ಲಿ ಮಾಡಿ, ತಿದ್ದಿ, ಅಳಿಸಿ. ಸರಿ ಅನ್ನಿಸಿದ ಮೇಲೆ ಹಾಳೆಯ ಹಿಂಬದಿಗೆ 4ಬಿ ಪೆನ್ಸಿಲ್ ಉಜ್ಜಿ, ಒಳ್ಳೇ ಪೇಪರಿನ ಮೇಲಿಟ್ಟು, ಗೆರೆಗಳ ಮೇಲೆ ಹಗುರವಾಗಿ ತಿದ್ದಿದರೆ ಚಿತ್ರ ಇಳಿಯುತ್ತದೆ. ಜಲವರ್ಣದ ಪೇಪರ್ ಮೇಲೆ ನೇರವಾಗಿ ರಬ್ಬರ್ ಉಜ್ಜಿದರೆ ಮೇಲ್ಮೈ ಏಳುತ್ತದೆ, ಆಮೇಲೆ ಬಣ್ಣ ಅಲ್ಲಿ ಕಲೆ ಕಲೆಯಾಗುತ್ತದೆ.

ಸಾಮಾನು ಜಾಸ್ತಿ ಬೇಡ. 300 ಜಿಎಸ್‌ಎಂ ದಪ್ಪದ ಜಲವರ್ಣದ ಪೇಪರ್, ಅಂಚಿಗೆ ಮಾಸ್ಕಿಂಗ್ ಟೇಪ್, 12 ಮತ್ತು 6ನೇ ನಂಬರಿನ ಗುಂಡು ಬ್ರಷ್, ಗೆರೆಗೆ ಒಂದು ಸಣ್ಣದು. ಪೇಪರಿಗೆ ದುಡ್ಡು ಹಾಕಿ, ಬಣ್ಣ ಕ್ಯಾಮೆಲ್ ಟ್ಯೂಬ್ ಆದರೂ ನಡೆಯುತ್ತದೆ. ಅಲ್ಟ್ರಾಮರೀನ್ ಬ್ಲೂ, ಬರ್ಂಟ್ ಸಿಯೆನ್ನಾ, ಯೆಲ್ಲೋ ಆಕರ್, ಕ್ರಿಮ್ಸನ್, ಸ್ಯಾಪ್ ಗ್ರೀನ್ ಸಾಕು. ಕಪ್ಪು ಟ್ಯೂಬನ್ನು ಪೆಟ್ಟಿಗೆಯಿಂದ ಆಚೆ ಇಡಿ. ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ ದಪ್ಪಗೆ ಕಲಸಿದರೆ ಟೈರಿಗೆ ಬೇಕಾದ ಕಪ್ಪು ಸಿಗುತ್ತದೆ, ನೀರು ಜಾಸ್ತಿ ಮಾಡಿದರೆ ಹಳೇ ಡಾಂಬರಿನ ಬೂದು.

ಬಣ್ಣ ಹಾಕುವಾಗ

ಮೊದಲು ಬೆಳಕು ಎಲ್ಲಿಂದ ಅಂತ ತೀರ್ಮಾನ ಮಾಡಿ. ಆಗುಂಬೆ ಘಾಟಿ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಅಲ್ಲಿ ತಣ್ಣಗಿನ ನೆರಳು, ಬಿಸಿಲು ಬರುವುದು ಮಧ್ಯಾಹ್ನದ ಮೇಲೆ. ಬೆಳಗಿನ ಪಯಣಕ್ಕೆ ಹಳದಿ ಬಿಸಿಲು ಸುರಿದರೆ ಚಂದ ಕಾಣಬಹುದು, ಆದರೆ ಆ ಜಾಗ ಅದಲ್ಲ. ಏಪ್ರಿಲ್ ಆದರೆ ಕಲ್ಲಿನ ಮೇಲಿನ ಪಾಚಿಯೂ ಹಸಿರಲ್ಲ, ಒಣಗಿ ಕಂದಾಗಿರುತ್ತದೆ.

ಕಾಡನ್ನು ಒದ್ದೆ ಪೇಪರಿನ ಮೇಲೆ ಒಂದೇ ಉಸಿರಿಗೆ ಹಾಕಿ. ಎಲೆ ಎಲೆ ಬರೆಯಬೇಡಿ. ರೇಡಿಯೇಟರಿನ ಹಬೆ ಬರಬೇಕಾದ ಜಾಗವನ್ನು ಬಿಳಿಯಾಗೇ ಬಿಡಿ. ಕಾಡಿನ ಬಣ್ಣ ಇನ್ನೂ ಹಸಿ ಇರುವಾಗಲೇ ಶುದ್ಧ ನೀರಿನ ಒದ್ದೆ ಬ್ರಷ್ಷಿನಿಂದ ಅಂಚನ್ನು ಮೆತ್ತಗೆ ಮಾಡಿ. ಬಿಳಿ ಬಣ್ಣ ಬಳಿದು ಹಬೆ ಮಾಡಿದರೆ ಸುಣ್ಣ ಹಚ್ಚಿದ ಹಾಗಾಗುತ್ತದೆ. ಜಾವಾ, ಯೆಜ್ಡಿಯ ಹೊಗೆ ಬೇರೆ ಥರ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಗಾಡಿಯ ತೆಳು ಹೊಗೆ ಕಪ್ಪು ಮರಗಳ ಮುಂದೆ ನೀಲಿಯಾಗಿ ಕಾಣುತ್ತದೆ, ಅದೇ ಹೊಗೆ ಬೆಳ್ಳಗಿನ ಆಕಾಶದ ಮುಂದೆ ಸ್ವಲ್ಪ ಕಂದು. ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸಬಹುದು.

ಈಗ ಕಾರು. ಬಿಳಿ ಅಂಬಾಸಿಡರ್ ಅಂತ ಪೇಪರ್ ಬಿಳಿಯಾಗಿಯೇ ಬಿಟ್ಟರೆ ಅದು ಕಾಗದದ ಕಾರಾಗುತ್ತದೆ. ಬಿಸಿಲು ಬೀಳುವ ಒಂದೆರಡು ಜಾಗ ಮಾತ್ರ ಬಿಳಿ. ನೆರಳಿಗೆ ತೆಳುವಾದ ನೀಲಿ-ನೇರಳೆ. ಬಾಗಿಲಿನ ಕೆಳಭಾಗಕ್ಕೆ ರಸ್ತೆಯ ಕೆಂಪು ಮಣ್ಣಿನ ಪ್ರತಿಫಲನ, ತೆಳು ಬರ್ಂಟ್ ಸಿಯೆನ್ನಾದಲ್ಲಿ. ಆ ಉಬ್ಬಿದ ಮಡ್‌ಗಾರ್ಡ್ ಮೇಲೆ ಬೆಳಕು ನಿಧಾನವಾಗಿ ನೆರಳಿಗೆ ಜಾರಬೇಕು, ಅಲ್ಲಿ ಗೆರೆ ಎಳೆಯಬೇಡಿ. ಕೆಂಪು ಬಸ್ಸಿನ ನೆರಳಿಗೂ ಇದೇ ನಿಯಮ, ಕೆಂಪಿಗೆ ನೀಲಿ ಬೆರೆಸಿ.

ಬಂಪರ್ ಮತ್ತು ಹೆಡ್‌ಲೈಟಿನ ರಿಂಗಿಗೆ ಬೆಳ್ಳಿ ಬಣ್ಣ ಹುಡುಕುವವರಿದ್ದಾರೆ. ಬೇಡ. ಕ್ರೋಮ್ ಅಂದರೆ ಕನ್ನಡಿ ಅಷ್ಟೇ. ಮೇಲರ್ಧದಲ್ಲಿ ಆಕಾಶ, ಕೆಳಗರ್ಧದಲ್ಲಿ ನೆಲ, ನಡುವೆ ಒಂದು ಗಾಢವಾದ ಪಟ್ಟಿ, ಅದಕ್ಕೆ ತಾಗಿಯೇ ಖಾಲಿ ಬಿಟ್ಟ ಬಿಳಿ. ಅಂಚುಗಳು ಚೂಪಾಗಿರಬೇಕು. ಆಮೇಲೆ ಅದರ ಮೇಲೊಂದು ಕಡೆ ಯೆಲ್ಲೋ ಆಕರ್ ತೆಳುವಾಗಿ ಎಳೆದು ಧೂಳು ಹಿಡಿಸಿ.

ಗಾಜಿಗೆ ನೀಲಿ ಹಾಕುವುದು ಶಾಲೆಯ ಅಭ್ಯಾಸ. ಗಾಜಿನ ಒಳಗೆ ಕತ್ತಲೆ ಇರುತ್ತದೆ, ಆಚೆ ಕಿಟಕಿಯ ಬೆಳಕು ಇರುತ್ತದೆ, ನಡುವೆ ತಲೆಗಳ ನೆರಳು. ವಾಂತಿ ಬರುತ್ತೆ ಅಂತ ಲಿಂಬೆಹಣ್ಣು ಮೂಸುತ್ತಾ ಒಳಗೇ ಕೂತ ಅತ್ತೆಯ ತಲೆ ಅಲ್ಲೇ ಇರಲಿ. ಕಣ್ಣು ಮೂಗು ಬೇಡ, ತುರುಬು ಮತ್ತು ಕತ್ತಿನ ಓರೆ ಸಾಕು. ಮನೆಯವರು ಗುರುತು ಹಿಡಿಯುತ್ತಾರೆ. ಹೊರಗೆ ನಿಂತವರಿಗೂ ಮುಖ ಬರೆಯಲು ಹೋಗಬೇಡಿ. ಸೊಂಟದ ಮೇಲೆ ಕೈ, ಹೆಗಲ ಮೇಲೆ ಟವೆಲ್, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ನೀರಿನ ಡಬ್ಬ ಹಿಡಿದ ಡ್ರೈವರ್. ನೀವು ಚಿತ್ರದಲ್ಲಿ ಇರಬೇಕಾಗಿಲ್ಲ, ನೋಡುತ್ತಿರುವವರು ನೀವೇ ಅಲ್ವಾ?

ಕೊನೆಗೆ ಕಾರಿನ ಅಡಿಯ ನೆರಳು. ಟೈರು ನೆಲ ಮುಟ್ಟುವಲ್ಲಿ ಇಡೀ ಚಿತ್ರದ ಅತಿ ಗಾಢ ಬಣ್ಣ ಇರಲಿ, ಹೊರಗೆ ಹೋದಂತೆ ತೆಳುವಾಗಲಿ. ಇದಿಲ್ಲದಿದ್ದರೆ ಎಷ್ಟು ಚೆನ್ನಾಗಿ ಬರೆದರೂ ಕಾರ್ ಗಾಳಿಯಲ್ಲಿ ತೇಲುತ್ತದೆ.

ಪೂರ್ತಿ ಒಣಗಿದ ಮೇಲೆ ಟೇಪನ್ನು ಹಾಳೆಯಿಂದ ಆಚೆಗೆ ಓರೆಯಾಗಿ ಎಳೆಯಿರಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಜಾಗ, ವರ್ಷ, ಯಾರು ಯಾರು ಅಂತ ಬರೆದಿಡಿ. ಜೆಲ್ ಪೆನ್ ಬೇಡ, ತೇವಕ್ಕೆ ಹರಡುತ್ತದೆ. ಫ್ರೇಮ್ ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದ ಹಾಗೆ ನಡುವೆ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಕೂರುವ ದಪ್ಪ ರಟ್ಟಿನ ಚೌಕಟ್ಟು, ಇಡಿಸಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ತುಂಡು ಅಂಟಿಸಿ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡಿದರೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುವುದು ಕಮ್ಮಿ. ನೇರ ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ, ಕ್ರಿಮ್ಸನ್ ಎಲ್ಲಕ್ಕಿಂತ ಮೊದಲು ಮಾಸುತ್ತದೆ.